ಪಿಕಪ್‌ನ ಬೆಡ್ ಕವರ್ ನಿಜಕ್ಕೂ ನೀರು ತಡೆಯುತ್ತದೆಯೇ?

ಪ್ರಶ್ನೆ: ನನ್ನ ಪಿಕಪ್‌ನ ಬೆಡ್‌ಗೆ, ಅಂದರೆ ಸಾಮಾನು ಹೇರುವ ಹಿಂದಿನ ತೊಟ್ಟಿಗೆ, ಮೂರಾಗಿ ಮಡಚುವ ಗಟ್ಟಿ ಕವರ್ ಹಾಕಿಸಿ ಎರಡು ತಿಂಗಳಾಯಿತು. ಮಾರುವಾಗ ವಾಟರ್‌ಪ್ರೂಫ್ ಅಂದಿದ್ದರು. ಮೊನ್ನೆ ರಾತ್ರಿಯಿಡೀ ಮಳೆ ಬಂತು. ಗಾಡಿ ಹೊರಗೆ ನಿಂತಿತ್ತು. ಬೆಳಿಗ್ಗೆ ತೆಗೆದು ನೋಡಿದರೆ ಹಿಂದುಗಡೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ತಳ ನೆಂದು ಮೆತ್ತಗಾಗಿತ್ತು. ಮುಂದಿನ ಎಡ ಮೂಲೆಯಲ್ಲೂ ಸ್ವಲ್ಪ ನೀರು ನಿಂತಿತ್ತು. ನನ್ನ ಕವರ್ ಕೆಟ್ಟದ್ದಾ? ವಾಪಸ್ ಕೊಟ್ಟು ಬೇರೆ ಬಗೆಯದು ತಗೊಳ್ಳಲಾ? ಅಥವಾ ಯಾವ ಕವರೂ ನೀರು ತಡೆಯುವುದೇ ಇಲ್ವಾ?

ಉತ್ತರ: ವಾಪಸ್ ಕೊಡುವುದಕ್ಕೆ ಮೊದಲು ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಪೆಟ್ಟಿಗೆಗಳ ತಳ ನೆಂದಿದೆ ಅಂದಿರಿ, ಮೇಲ್ಭಾಗದ ಮಾತೇ ಎತ್ತಿಲ್ಲ. ಮೇಲ್ಭಾಗ ಒಣಗಿದ್ದರೆ ನೀರು ಮೇಲಿಂದ ತೊಟ್ಟಿಕ್ಕಿಲ್ಲ, ನೆಲದ ಮೇಲೆ ಹರಿದು ಬಂದಿದೆ. ಅದೂ ಹಿಂದುಗಡೆ. ಅಲ್ಲಿರುವುದು ಟೇಲ್‌ಗೇಟ್, ಬೆಡ್‌ನ ಹಿಂದಿನ ಬಾಗಿಲು. ಮುಂದಿನ ಮೂಲೆಯ ಕಥೆ ಬೇರೆ, ಅದಕ್ಕೂ ಬರುತ್ತೇನೆ. ಆದರೆ ಕವರ್‌ನ ಹಲಗೆಗಳೇ ಸೋರಿವೆ ಅನ್ನುವುದಕ್ಕೆ ನೀವು ಹೇಳಿದ್ದರಲ್ಲಿ ಒಂದು ಸುಳಿವೂ ಇಲ್ಲ.

ಈ ಕವರ್‌ಗಳನ್ನು ಕೂರಿಸುತ್ತಾ, ಬಿಚ್ಚುತ್ತಾ, ಸೋರಿದಾಗ ಕಾರಣ ಹುಡುಕುತ್ತಾ ನಾನು ಮತ್ತೆ ಮತ್ತೆ ಕಂಡದ್ದು ಇದು: ಜನ ಕವರ್ ಬದಲಾಯಿಸುತ್ತಾರೆ, ಸೋರುತ್ತಿರುವುದು ಬೆಡ್. ಹೊಸ ಕವರ್ ಬರುತ್ತದೆ, ಅದೇ ಜಾಗದಲ್ಲಿ ಅದೇ ನೀರು ನಿಲ್ಲುತ್ತದೆ.

ಪಿಕಪ್‌ನ ಬೆಡ್ ಯಾತಕ್ಕೆ ಹುಟ್ಟಿತು ಅಂತ ಸ್ವಲ್ಪ ಯೋಚಿಸಿ. ಅದು ತೆರೆದ ತೊಟ್ಟಿ. ಮೇಲೆ ಸೂರು ಇರುವುದಿಲ್ಲ ಅಂತ ಗೊತ್ತಿದ್ದೇ ಅದನ್ನು ಮಾಡಿದ್ದಾರೆ. ಮಳೆ ಬಿದ್ದರೆ ನೀರು ಒಳಗೆ ನಿಲ್ಲಬಾರದು, ಬೇಗ ಹೊರಗೆ ಹರಿಯಬೇಕು. ಅದಕ್ಕೇ ನೆಲದಲ್ಲಿ ಉದ್ದಕ್ಕೂ ಏಣುಗಳಿವೆ, ಆ ಏಣುಗಳ ನಡುವಿನ ಕಾಲುವೆಗಳು ನೇರ ಹಿಂದಕ್ಕೆ ಹೋಗುತ್ತವೆ. ನೆಲಕ್ಕೂ ಟೇಲ್‌ಗೇಟಿಗೂ ನಡುವೆ ಬೇಕೆಂದೇ ಸಂದು ಬಿಟ್ಟಿರುತ್ತಾರೆ. ಟೇಲ್‌ಗೇಟಿನ ಎರಡೂ ಪಕ್ಕದಲ್ಲಿ ಅಂಥದ್ದೇ ಸಂದು. ಬಹಳಷ್ಟು ಗಾಡಿಗಳಲ್ಲಿ ನೆಲದ ಮೂಲೆಗಳಲ್ಲಿ ತೂತುಗಳೂ ಇರುತ್ತವೆ.

ಈಗ ಯಾವುದಾದರೂ ಕಾರಿನ ಡಿಕ್ಕಿ ತೆಗೆದು ನೋಡಿ. ಬಾಯಿಯ ಸುತ್ತ ಎಲ್ಲೂ ತುಂಡಾಗದ ರಬ್ಬರ್ ಬೀಡಿಂಗ್ ಇರುತ್ತದೆ. ಅದರ ಹೊರಗೆ ಒಂದು ಸಣ್ಣ ಕಾಲುವೆ. ರಬ್ಬರಿನವರೆಗೆ ಬಂದ ನೀರು ಆ ಕಾಲುವೆಯಲ್ಲೇ ಇಳಿದು ಹೋಗುತ್ತದೆ. ಆಮೇಲೆ ನಿಮ್ಮ ಟೇಲ್‌ಗೇಟ್ ನೋಡಿ. ಅಂಥ ಬೀಡಿಂಗ್ ಇರುವ ಪಿಕಪ್ ಅಪರೂಪ. ಒಂದು ತಗಡು, ಪಕ್ಕದಲ್ಲಿ ಇನ್ನೊಂದು ತಗಡು, ನಡುವೆ ಪೆನ್ಸಿಲ್ ತೂರುವಷ್ಟು ಜಾಗ. ಇದರ ಮೇಲೆ ಎಷ್ಟು ಒಳ್ಳೆಯ ಕವರ್ ಹಾಕಿದರೂ ಅದು ಸೂರು ಮಾತ್ರ. ಸೂರು ಗಟ್ಟಿ ಇದ್ದರೂ ಬಾಗಿಲ ಸಂದಿಯಿಂದ ಎರಚಲು ಹೊಡೆದರೆ ಮನೆ ಒದ್ದೆಯಾಗುತ್ತದೆ ಅಲ್ವಾ?

ಈ ಕವರ್‌ಗೆ ‘ಟೊನೋ’ ಅನ್ನುವ ಹೆಸರೂ ಇದೆ. ಫ್ರೆಂಚ್‌ನಲ್ಲಿ ಟೊನೋ ಅಂದರೆ ಪೀಪಾಯಿ. ಮೊದಮೊದಲ ತೆರೆದ ಕಾರುಗಳಲ್ಲಿ ಹಿಂದೆ ಕೂರುವ ದುಂಡನೆಯ ಭಾಗಕ್ಕೆ ಆ ಹೆಸರಿತ್ತು. ಅದನ್ನು ಮುಚ್ಚುವ ಬಟ್ಟೆ ಟೊನೋ ಕವರ್ ಆಯಿತು. ಪೀಪಾಯಿಯ ಹಾಗೆ ನೀರು ಬಿಗಿದಿಡುತ್ತದೆ ಅಂತ ಆ ಹೆಸರು ಬಂದದ್ದಲ್ಲ.

ವಾಟರ್‌ಪ್ರೂಫ್ ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು, ಯಾಕಂದರೆ ನಿಮಗೆ ಬೇಸರ ಆದದ್ದು ಅಲ್ಲೇ. ಫೋನಿಗೆ ಐಪಿ67, ಐಪಿ68 ಅಂತ ಬರೆದಿರುತ್ತಾರಲ್ಲ, ಅದರ ಹಿಂದೆ ಒಂದು ಪರೀಕ್ಷೆ ಇದೆ. ಐಇಸಿ 60529 ಅನ್ನುವ ಮಾನದಂಡದಲ್ಲಿ ಎಷ್ಟು ಆಳ, ಎಷ್ಟು ಹೊತ್ತು ಅನ್ನುವುದೆಲ್ಲ ಬರುತ್ತದೆ. ಬೆಡ್ ಕವರ್‌ನ ಡಬ್ಬದ ಮೇಲಿನ ವಾಟರ್‌ಪ್ರೂಫ್‌ಗೆ ಸಾಮಾನ್ಯವಾಗಿ ಅಂಥ ಬೆನ್ನೆಲುಬು ಇರುವುದಿಲ್ಲ. ಹಾಳೆಯ ಮೂಲಕ ನೀರು ಇಳಿಯುವುದಿಲ್ಲ ಅನ್ನುವುದಷ್ಟೇ ಅದರ ಅರ್ಥ. ಅದು ಸುಳ್ಳಲ್ಲ. ಅಲ್ಯೂಮಿನಿಯಂ ಹಲಗೆಯ ಮೂಲಕ ನೀರು ಇಳಿಯುವುದಿಲ್ಲ, ವಿನೈಲ್ ಹಾಳೆಯ ಮೂಲಕವೂ ಇಳಿಯುವುದಿಲ್ಲ. ಆದರೆ ನೀರಿಗೆ ನಡುವಿನಿಂದ ಬರಬೇಕು ಅಂತ ಹಟ ಇಲ್ಲ, ಅಂಚು ಸಿಕ್ಕರೆ ಸಾಕು. ಒಳ್ಳೆಯ ತಯಾರಕರ ಕೈಪಿಡಿ ಓದಿದರೆ ಅಲ್ಲಿ ನೀರು ನಿರೋಧಕ ಅಂತ ಮಾತ್ರ ಇರುತ್ತದೆ, ಪೂರ್ತಿ ನೀರು ಬಿಗಿ ಅಂತ ಇರುವುದಿಲ್ಲ. ಮಾರುವ ಬಾಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ.

ಸಣ್ಣ ಲೆಕ್ಕ ಮಾಡೋಣ. ನಾಲ್ಕು ಬಾಗಿಲಿನ ಪಿಕಪ್‌ನ ಬೆಡ್ ಸುಮಾರು ಒಂದೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇರುತ್ತದೆ. ಅಂದರೆ ಎರಡೂಕಾಲು ಚದರ ಮೀಟರ್. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ರಾತ್ರಿಯಿಡೀ ಸುರಿದು 40 ಮಿ.ಮೀ. ಆಯಿತು ಅಂದುಕೊಳ್ಳಿ. ನಿಮ್ಮ ಕವರ್‌ನ ಮೇಲೆ 90 ಲೀಟರ್ ಬಿತ್ತು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಹೊರಗೆ ಹೋಗಿ ಒಂದೇ ಪಾಲು ಒಳಗೆ ನುಸುಳಿದರೂ 900 ಮಿ.ಲೀ. ಆಗುತ್ತದೆ. ಒಂದು ದೊಡ್ಡ ಬಾಟಲಿ ನೀರನ್ನು ನೆಲಕ್ಕೆ ಚೆಲ್ಲಿದ ಹಾಗೆ. ರಟ್ಟಿನ ಪೆಟ್ಟಿಗೆ ಹಾಳಾಗಲು ಅದರ ಕಾಲು ಭಾಗ ಸಾಕು. ಕವರ್ ತನ್ನ ಕೆಲಸ ಬಹುಮಟ್ಟಿಗೆ ಸರಿಯಾಗೇ ಮಾಡಿದೆ, ಆದರೂ ನಿಮ್ಮ ಸಾಮಾನು ಹಾಳಾಗಿದೆ. ಎರಡೂ ನಿಜ.

ಈಗ ಟೇಲ್‌ಗೇಟ್. ಒಳಗೆ ಬರುವ ನೀರಿನ ದೊಡ್ಡ ದಾರಿ ಇದೇ. ಕವರ್‌ನ ಹಿಂದಿನ ಅಂಚಿನಲ್ಲಿರುವ ರಬ್ಬರು ಟೇಲ್‌ಗೇಟಿನ ನೆತ್ತಿಯ ಮೇಲೆ ಕೂರುತ್ತದೆ. ಅಲ್ಲಿಂದ ಇಳಿದ ನೀರು ಟೇಲ್‌ಗೇಟಿನ ಪಕ್ಕದ ಸಂದಿಗೆ ಹೋಗುತ್ತದೆ. ಅರ್ಧ ಹೊರಗೆ, ಅರ್ಧ ಒಳಗೆ. ಪಕ್ಕದ ಸಂದಿಯಲ್ಲಿ ಇಳಿದದ್ದು ನೆಲ ಮುಟ್ಟಿ, ಏಣುಗಳ ನಡುವಿನ ಕಾಲುವೆ ಹಿಡಿದು ಮುಂದಕ್ಕೂ ಬರುತ್ತದೆ, ಗಾಡಿಯ ಹಿಂಭಾಗ ಎತ್ತರದ ಕಡೆಗಿದ್ದರೆ ಇನ್ನೂ ಬೇಗ. ನಿಮ್ಮ ಪೆಟ್ಟಿಗೆ ಕೂತಿದ್ದದ್ದು ಅದರ ದಾರಿಯಲ್ಲೇ.

ಗಾಡಿ ಓಡುವಾಗ ಇದೇ ಸಂದು ಇನ್ನೂ ಕೆಲಸ ಕೆಡಿಸುತ್ತದೆ. ಓಡುವ ಗಾಡಿಯ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಅಲ್ಲಿ ಗಾಳಿ ಸುತ್ತಿಕೊಳ್ಳುತ್ತದೆ. ಟೈರು ಎಬ್ಬಿಸಿದ ನೀರಿನ ಹೊಗೆ ಆ ಸುಳಿಗೆ ಸಿಕ್ಕಿ ಟೇಲ್‌ಗೇಟಿಗೆ ಅಂಟಿಕೊಳ್ಳುತ್ತದೆ. ಬೆಡ್‌ನ ಒಳಗಿನ ಒತ್ತಡವೂ ಏರಿಳಿಯುತ್ತಾ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ನೀರೂ ಬರುತ್ತದೆ. ಮಣ್ಣಿನ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಕವರ್ ಹಾಕಿದ್ದರೂ ಬೆಡ್ ತುಂಬ ಧೂಳು ಇರುವುದಕ್ಕೆ ಕಾರಣ ಇದೇ. ನಿಮ್ಮ ಗಾಡಿಯೊಳಗೆ ಧೂಳಿನ ಗೆರೆ ಎಲ್ಲೆಲ್ಲಿ ಮೂಡಿದೆ ನೋಡಿ. ಧೂಳು ಬಂದ ದಾರಿಯಲ್ಲೇ ನೀರೂ ಬರುತ್ತದೆ. ಆ ನಕ್ಷೆಗೆ ದುಡ್ಡು ಕೊಡಬೇಕಿಲ್ಲ.

ಗಾಳಿಯ ಬಲ ಎಷ್ಟು ಅಂತ ತಿಳಿದರೆ ಆಶ್ಚರ್ಯ ಆಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ನೇರ ಎದುರಾದ ಗಾಳಿಯ ಒತ್ತಡ ನೀರನ್ನು ಏಳೆಂಟು ಮಿಲಿಮೀಟರ್ ಮೇಲಕ್ಕೆ ತಳ್ಳಬಲ್ಲದು. 80 ಕಿ.ಮೀ.ಗೆ ಅದು ಸುಮಾರು 30 ಮಿ.ಮೀ. ಆಗುತ್ತದೆ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ನಿಂತಾಗ ಒಂದು ಹನಿಯೂ ಬಿಡದ ಅಂಚು ಹೆದ್ದಾರಿಯ ಬಿರುಸು ಮಳೆಯಲ್ಲಿ ಬಿಟ್ಟುಕೊಡುವುದು ಅದಕ್ಕೇ. ಪ್ರೆಷರ್ ವಾಷರ್ ಅಂತೂ ಬೇರೆಯೇ ಮಾತು. ಅದರ ಮೂತಿಯ ಹಿಂದೆ ಸಾಮಾನ್ಯವಾಗಿ 100 ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ. ಅದನ್ನು ರಬ್ಬರಿನ ಅಂಚಿಗೆ ಹತ್ತಿರದಿಂದ ಹಿಡಿದರೆ ಯಾವ ಕವರೂ ತಡೆಯುವುದಿಲ್ಲ. ಸರ್ವಿಸ್‌ಗೆ ಬಿಟ್ಟು ಬಂದ ದಿನ ಬೆಡ್ ಒದ್ದೆ ಇದ್ದರೆ ಅದರಿಂದ ಏನೂ ತೀರ್ಮಾನ ಮಾಡಬೇಡಿ.

ಇನ್ನು ನಿಮ್ಮ ಮುಂದಿನ ಎಡ ಮೂಲೆ. ಇಲ್ಲಿ ನನಗೆ ಅನುಮಾನ ಕವರ್‌ನ ಮೇಲಲ್ಲ, ಕೂರಿಸಿದ ರೀತಿಯ ಮೇಲೆ. ಕ್ಯಾಬಿನ್ ಪಕ್ಕದ ಗೋಡೆಯ ಮೇಲೆ ಒಂದು ದಪ್ಪ ರಬ್ಬರೋ ಫೋಮೋ ಕೂರಬೇಕು. ಗೋಡೆ ನೇರ ಇದ್ದರೂ ಮೂಲೆ ಬಹಳಷ್ಟು ಗಾಡಿಗಳಲ್ಲಿ ದುಂಡಗಿರುತ್ತದೆ. ನೇರ ಪಟ್ಟಿ ದುಂಡು ಮೂಲೆಗೆ ಬಂದಾಗ ಅಡಿಯಲ್ಲಿ ಸಣ್ಣ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ. ಅದನ್ನು ತುಂಬಲೆಂದೇ ಕವರ್ ಜೊತೆ ಎರಡು ಚಿಕ್ಕ ಫೋಮ್ ತುಂಡುಗಳನ್ನು ಕೆಲವು ತಯಾರಕರು ಕೊಡುತ್ತಾರೆ. ಅವು ಪ್ಲಾಸ್ಟಿಕ್ ಚೀಲದಲ್ಲಿ ನಟ್ಟು ಬೋಲ್ಟುಗಳ ಜೊತೆ ಇರುತ್ತವೆ. ಪ್ಯಾಕಿಂಗ್‌ಗೆ ಹಾಕಿದ್ದು ಅಂದುಕೊಂಡು ಎಸೆದುಬಿಡುತ್ತಾರೆ. ನಿಮ್ಮ ಕವರ್ ಬಂದ ಡಬ್ಬ ಇನ್ನೂ ಇದ್ದರೆ ಒಮ್ಮೆ ತಡಕಿ ನೋಡಿ.

ಎರಡನೆಯ ಅನುಮಾನ, ಕವರ್ ಸ್ವಲ್ಪ ಸೊಟ್ಟ ಕೂತಿರಬಹುದು. ಒಂದು ಪಕ್ಕ ಐದಾರು ಮಿಲಿಮೀಟರ್ ಹಿಂದೆ ಸರಿದಿದ್ದರೆ ಸಾಕು, ಆ ಪಕ್ಕದ ಮುಂದಿನ ರಬ್ಬರು ಗೋಡೆಯನ್ನು ಒತ್ತುವುದಿಲ್ಲ, ಸುಮ್ನೆ ಮುಟ್ಟಿಕೊಂಡಿರುತ್ತದೆ. ಟೇಪು ಹಿಡಿದು ಕರ್ಣ ಅಳೆಯಿರಿ. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಆಮೇಲೆ ಬಲ ಮುಂದಿನಿಂದ ಎಡ ಹಿಂದಕ್ಕೆ. ಎರಡೂ ಒಂದೇ ಬರಬೇಕು. ಕವರನ್ನು ಬೆಡ್‌ನ ಗೋಡೆಗೆ ಬಿಗಿದು ಹಿಡಿಯುವ ಕ್ಲ್ಯಾಂಪುಗಳನ್ನೂ ನೋಡಿ. ಹೊಸ ರಬ್ಬರು ಮೊದಲ ಕೆಲವು ವಾರಗಳಲ್ಲಿ ಒತ್ತಿ ಕೂರುತ್ತದೆ, ಆಗ ಕ್ಲ್ಯಾಂಪು ಸಡಿಲಾಗುತ್ತದೆ. ನಿಮಗೆ ಎರಡು ತಿಂಗಳಾಗಿದೆ, ಮತ್ತೆ ಬಿಗಿ ಮಾಡುವ ಹೊತ್ತು ಬಂದಿದೆ. ಒಂದೇ ಕ್ಲ್ಯಾಂಪನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ.

ಪಕ್ಕದ ಗೋಡೆಗಳ ವಿಷಯ ಚಿಕ್ಕದು. ಕೆಲವು ಗಾಡಿಗಳಲ್ಲಿ ಗೋಡೆಯ ನೆತ್ತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನೀರು ಪ್ಲಾಸ್ಟಿಕ್‌ನ ಮೇಲಿಂದ ಬರದೆ ಅದಕ್ಕೂ ತಗಡಿಗೂ ನಡುವಿನಿಂದ ನುಸುಳುತ್ತದೆ. ಕೆಲವದರಲ್ಲಿ ಕಂಬ ನಿಲ್ಲಿಸಲು ಬಿಟ್ಟ ಚೌಕ ಗುಳಿಗಳಿರುತ್ತವೆ, ಅವು ಒಳಗಡೆಗೆ ತೆರೆದುಕೊಂಡಿದ್ದರೆ ಅದೂ ಒಂದು ದಾರಿ. ಬೆಡ್‌ಗೆ ಪ್ಲಾಸ್ಟಿಕ್ ಲೈನರ್ ಹಾಕಿಸಿದ್ದರೆ ಅದರ ತುಟಿ ಗೋಡೆಯ ನೆತ್ತಿಗೆ ಮಡಚಿ ಬಂದಿದೆಯಾ ನೋಡಿ. ಬಂದಿದ್ದರೆ ಕವರ್ ಆ ತುಟಿಯ ಮೇಲೆ ಕೂತಿರುತ್ತದೆ, ತಗಡಿನ ಮೇಲಲ್ಲ. ಅಷ್ಟು ಭಾಗ ಕತ್ತರಿಸಲೇಬೇಕು.

ಒಂದು ಸಲ ನನ್ನ ಹತ್ತಿರ ಬಂದ ಗಾಡಿಯಲ್ಲಿ ನೀರು ಬೆಡ್‌ನ ನಡುವಿಗೆ ಸರಿಯಾಗಿ ತೊಟ್ಟಿಕ್ಕುತ್ತಿತ್ತು. ಮಾಲೀಕರು ಅಲ್ಲಿದ್ದ ಮಡಿಕೆಯ, ಅಂದರೆ ಎರಡು ಹಲಗೆ ಸೇರಿ ಮಡಚುವ ಜಾಗದ, ರಬ್ಬರನ್ನು ಎರಡು ಸಲ ಬದಲಾಯಿಸಿದ್ದರು. ನಾನು ಟಾರ್ಚ್ ಹಿಡಿದು ಒಳಗೆ ಅಂಗಾತ ಮಲಗಿದೆ. ಹೊರಗೆ ಹುಡುಗ ಚೊಂಬಿನಲ್ಲಿ ನೀರು ಹುಯ್ಯುತ್ತಿದ್ದ. ಮಡಿಕೆಯ ಮೇಲೆ ಹುಯ್ದ, ಏನೂ ಇಲ್ಲ. ಮುಂದಿನ ಅಂಚಿಗೆ ಹುಯ್ದ. ಐದಾರು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಮುಂದಿನ ಬಲ ಮೂಲೆಯಲ್ಲಿ ಒಂದು ಹನಿ ಹುಟ್ಟಿತು. ಅದು ಬೀಳಲಿಲ್ಲ. ಅಡಿಯ ಅಲ್ಯೂಮಿನಿಯಂ ಪಟ್ಟಿಗೆ ಅಂಟಿಕೊಂಡೇ ಹಿಂದಕ್ಕೆ ಜಾರಿತು, ಟಾರ್ಚ್ ಬೆಳಕಿನಲ್ಲಿ ಮಣಿಯ ಹಾಗೆ ಹೊಳೆಯುತ್ತಿತ್ತು. ಅರ್ಧ ಮೀಟರ್‌ಗಿಂತ ಜಾಸ್ತಿ ದೂರ ಹೋಗಿ, ಪಟ್ಟಿಯ ಒಂದು ಬೋಲ್ಟ್ ತಲೆ ಎದುರಾದಾಗ ನಿಂತು, ಇನ್ನೊಂದು ಹನಿ ಬಂದು ಸೇರಿದ ಮೇಲೆ ತೊಟ್ ಅಂತ ನನ್ನ ಅಂಗಿಯ ಮೇಲೆ ಬಿತ್ತು. ಅಲ್ಲೇ ಮಡಿಕೆ ಇದ್ದದ್ದು. ಪಾಪ, ಆ ರಬ್ಬರಿನದ್ದು ಏನೂ ತಪ್ಪಿರಲಿಲ್ಲ. ನೀರು ಬಿದ್ದ ಜಾಗ ಬೇರೆ, ಒಳಗೆ ಬಂದ ಜಾಗ ಬೇರೆ. ಸೋರಿಕೆ ಹುಡುಕುವವರು ಮರೆಯಬಾರದ ಮಾತು ಇದೊಂದೇ.

ನೀವೂ ಹೀಗೇ ಹುಡುಕಿ. ಮೊದಲು ಬೆಡ್ ಪೂರ್ತಿ ಒರೆಸಿ ಒಣಗಿಸಿ. ನೆಲಕ್ಕೆ ಹಳೆಯ ಸುದ್ದಿಪತ್ರಿಕೆ ಹಾಸಿ. ಒದ್ದೆಯಾದ ಕಾಗದದ ಬಣ್ಣ ಗಾಢವಾಗುತ್ತದೆ, ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಕವರ್ ಮುಚ್ಚಿ, ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಮೂತಿಗೆ ಬೆರಳು ಒತ್ತಿ ಚಿಮ್ಮಿಸಬೇಡಿ, ಮಳೆ ಹಾಗೆ ಬೀಳುವುದಿಲ್ಲ. ಒಂದು ಸಲಕ್ಕೆ ಒಂದೇ ಅಂಚು. ಮೊದಲು ಮುಂದಿನ ಅಂಚಿಗೆ ಐದು ನಿಮಿಷ, ತೆಗೆದು ನೋಡಿ. ಆಮೇಲೆ ಒಂದು ಪಕ್ಕ, ತೆಗೆದು ನೋಡಿ. ಕೊನೆಗೆ ಟೇಲ್‌ಗೇಟ್. ಎಲ್ಲ ಕಡೆ ಒಟ್ಟಿಗೆ ನೀರು ಬಿಟ್ಟರೆ ಒದ್ದೆಯಾಗುವುದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ. ಒಳಗೆ ಮಲಗಲು ಇಷ್ಟ ಇಲ್ಲದಿದ್ದರೆ ಫೋನಿನಲ್ಲಿ ವಿಡಿಯೋ ಹಾಕಿ, ಟಾರ್ಚ್ ಉರಿಸಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಳಗಿಡಿ. ಯಾರಾದರೂ ಒಳಗೆ ಮಲಗುವುದಾದರೆ ಕವರ್‌ಗೆ ಬೀಗ ಬೀಳದ ಹಾಗೆ ನೋಡಿಕೊಳ್ಳಿ, ಹೊರಗೆ ಒಬ್ಬರು ಇರಲೇಬೇಕು.

ನೀರಿಲ್ಲದೆ ಮಾಡುವ ಪರೀಕ್ಷೆಗಳೂ ಎರಡಿವೆ. ರಾತ್ರಿ ಕತ್ತಲಲ್ಲಿ ಒಳಗೆ ಬಲವಾದ ದೀಪ ಇಟ್ಟು ಮುಚ್ಚಿ, ಸುತ್ತ ಒಂದು ಸುತ್ತು ಬನ್ನಿ. ಬೆಳಕು ಕಂಡ ಕಡೆ ಸಂದು ಇದೆ. ಟೇಲ್‌ಗೇಟಿನ ಪಕ್ಕದಲ್ಲಿ ಕಾಣುವ ಉದ್ದನೆಯ ಬೆಳಕಿನ ಗೆರೆ ನೋಡಿದರೆ ನಾನು ಇಷ್ಟು ಹೊತ್ತು ಹೇಳಿದ್ದು ಒಂದೇ ಕ್ಷಣದಲ್ಲಿ ಅರ್ಥವಾಗುತ್ತದೆ. ಇನ್ನೊಂದು, ಕಾಗದದ ಪಟ್ಟಿ. ರಬ್ಬರಿಗೂ ತಗಡಿಗೂ ನಡುವೆ ಪಟ್ಟಿ ಇಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ಹಿಡಿದು ಹಿಡಿದು ಬಂದರೆ ಸರಿ. ಸರಾಗವಾಗಿ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರು ಒತ್ತುತ್ತಿಲ್ಲ. ಒಂದೊಂದು ಗೇಣಿಗೆ ಒಂದು ಸಲ ಮಾಡುತ್ತಾ ಹೋಗಿ.

ಟೇಲ್‌ಗೇಟಿಗೆ ಮದ್ದು ಸುಲಭ. ಟೇಲ್‌ಗೇಟ್ ಸೀಲ್ ಅಂತಲೇ ರಬ್ಬರ್ ಪಟ್ಟಿ ಸಿಗುತ್ತದೆ, ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಟೊಳ್ಳು ಕೊಳವೆ. ಇಪಿಡಿಎಂ ರಬ್ಬರಿನದು ತಗೊಳ್ಳಿ, ಬಿಸಿಲು ಮಳೆಗೆ ಬೇಗ ಸೀಳುವುದಿಲ್ಲ. ಎರಡು ಪಕ್ಕ ಮತ್ತು ಅಡಿ ಸೇರಿ ಒಂದೇ ಉದ್ದ ಪಟ್ಟಿ ಹಾಕಿ. ಮೂಲೆಯಲ್ಲಿ ಕತ್ತರಿಸದೆ ಬಗ್ಗಿಸಿ. ಕತ್ತರಿಸಿದ ಕೀಲು ಮೂಲೆಗೇ ಬಂದರೆ ಹೊಸ ತೂತು ಮಾಡಿಕೊಟ್ಟಂತೆ. ಅಂಟಿಸುವ ಮುಂಚೆ ಬಣ್ಣದ ಮೇಲಿನ ಮೇಣ, ಎಣ್ಣೆ ಪೂರ್ತಿ ಹೋಗಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗೇ ಉಳಿಯುವವರೆಗೆ. ತಗಡು ತಣ್ಣಗೆ ಕೊರೆಯುತ್ತಿದ್ದರೆ ಅಂಟು ಹಿಡಿಯುವುದಿಲ್ಲ, ಬೆಚ್ಚಗಿನ ಹೊತ್ತು ನೋಡಿ. ಹೆಬ್ಬೆರಳಿನಿಂದ ಬಲವಾಗಿ ಒತ್ತುತ್ತಾ ಹೋಗಿ. ಪಟ್ಟಿಯ ಬೆನ್ನಿಗಿರುವ ಅಂಟು ಅಕ್ರಿಲಿಕ್ ಫೋಮ್ ಟೇಪು ಆಗಿದ್ದರೆ ಅದು ಪೂರ್ತಿ ಹಿಡಿತಕ್ಕೆ ಬರಲು ಸಾಮಾನ್ಯ ಉಷ್ಣಾಂಶದಲ್ಲಿ 72 ಗಂಟೆ ಬೇಕು. ಅಷ್ಟು ದಿನ ಗಾಡಿ ತೊಳೆಯಬೇಡಿ. ಟೇಲ್‌ಗೇಟನ್ನು ಮೊದಲ ಸಲ ನಿಧಾನವಾಗಿ ಇಳಿಸಿ. ಕೀಲಿನ ಹತ್ತಿರ ರಬ್ಬರು ಸಿಕ್ಕಿಕೊಂಡು ಹರಿಯುವುದು ಆಗಲೇ.

ಒಂದು ಎಚ್ಚರ. ಅಡಿಯಲ್ಲಿ ಸೀಲ್ ಹಾಕಿದ ಮೇಲೆ ಒಳಗೆ ಬಂದ ನೀರು ಹೊರಗೆ ಹೋಗುವ ದಾರಿಯೂ ಮುಚ್ಚುತ್ತದೆ. ಹೀಗಾಗಿ ನೆಲದ ಮೂಲೆಯ ತೂತುಗಳನ್ನು ಯಾವ ಕಾರಣಕ್ಕೂ ಸಿಲಿಕೋನ್ ತುಂಬಿ ಮುಚ್ಚಬೇಡಿ. ಅಲ್ಲಿಂದ ನೀರು ಬರಬಹುದು ಅಂತ ಹೆದರಿ ಮುಚ್ಚಿದವರನ್ನು ನೋಡಿದ್ದೇನೆ. ಆಮೇಲೆ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಒಂದು ಬೆರಳು ನೀರು, ಅದರಡಿ ತುಕ್ಕು. ಬೆಡ್‌ಗೆ ನೀರು ಬಂದು ಹೋದರೆ ನಷ್ಟ ಕಡಿಮೆ, ಬಂದು ನಿಂತರೆ ಜಾಸ್ತಿ.

ರಬ್ಬರಿಗೆ ಸವರಲು ಗ್ರೀಸು, ಡೀಸೆಲ್, ಎಂಜಿನ್ ಆಯಿಲ್ ಬಳಸಬೇಡಿ. ಇಪಿಡಿಎಂ ರಬ್ಬರು ಪೆಟ್ರೋಲಿಯಂ ಎಣ್ಣೆಗೆ ಊದಿಕೊಂಡು ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸು ತೆಳ್ಳಗೆ ಸವರಿದರೆ ಸಾಕು, ವರ್ಷಕ್ಕೆ ಒಂದೆರಡು ಸಲ.

ನೀವು ಬೇರೆ ಬಗೆಯದು ತಗೊಳ್ಳಲಾ ಅಂತ ಕೇಳಿದಿರಿ. ಸುರುಳಿ ಸುತ್ತುವ ವಿನೈಲ್ ಹಾಳೆಗೆ ನಡುವೆ ಕೀಲೇ ಇಲ್ಲ, ಆ ಮಟ್ಟಿಗೆ ಅದು ಒಳ್ಳೆಯದು. ಆದರೆ ಬಿಸಿಲಿಗೆ ಹಿಗ್ಗಿ ಜೋತು ಬೀಳುತ್ತದೆ, ಗುಳಿಯಲ್ಲಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ನೀರು ನಿಂತರೆ 10 ಕಿಲೋ ಭಾರ. ಭಾರಕ್ಕೆ ಇನ್ನೂ ಜೋಲುತ್ತದೆ, ಇನ್ನೂ ನೀರು ನಿಲ್ಲುತ್ತದೆ. ಬಿಗಿ ಮಾಡುವ ತಿರುಪು ಇದ್ದರೆ ಆಗಾಗ ತಿರುಗಿಸುತ್ತಿರಬೇಕು. ಒಂದೇ ಹಲಗೆಯ ಫೈಬರ್‌ಗ್ಲಾಸ್ ಮುಚ್ಚಳ ನೀರಿನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಕೀಲಿಲ್ಲ, ಸುತ್ತ ಒಂದೇ ರಬ್ಬರು. ಆದರೆ ಎತ್ತರದ ಸಾಮಾನು ಹೇರಬೇಕಾದಾಗ ಅದನ್ನು ಬಿಚ್ಚಿ ಇಡಲು ಇಬ್ಬರು ಬೇಕು. ನಿಮ್ಮ ಮಡಚುವ ಕವರ್ ಇವೆರಡರ ನಡುವೆ ಬರುತ್ತದೆ. ಯಾವುದನ್ನು ಹಾಕಿದರೂ ಟೇಲ್‌ಗೇಟಿನ ಸಂದು ಅದೇ.

ಒಳಕ್ಕೆ ಜಾರಿ ಸುತ್ತಿಕೊಳ್ಳುವ ಬಗೆಯದ್ದು ಮಾತ್ರ ಬೇರೆ ಜಾತಿ. ಅದು ನೀರನ್ನು ತಡೆಯುವುದಕ್ಕಿಂತ ಹಿಡಿದು ಸಾಗಿಸುತ್ತದೆ. ಪಟ್ಟಿಗಳ ಪಕ್ಕದ ಕಾಲುವೆಗೂ, ಕವರ್ ಸುತ್ತಿಕೊಳ್ಳುವ ಮುಂದಿನ ಡಬ್ಬಕ್ಕೂ ನೀರು ಬರುವುದು ಅದರ ವಿನ್ಯಾಸದಲ್ಲೇ ಇದೆ. ಅಲ್ಲಿಂದ ಸಣ್ಣ ಪೈಪುಗಳ ಮೂಲಕ ಬೆಡ್‌ನ ಹೊರಗೆ ಹೋಗಬೇಕು. ಪೈಪಿಗೆ ಒಂದು ಒಣ ಎಲೆ ಸಿಕ್ಕಿಕೊಂಡರೆ, ಅಥವಾ ಪೈಪು ಎಲ್ಲಾದರೂ ಮಡಚಿಕೊಂಡರೆ ಡಬ್ಬ ತುಂಬಿ ಒಳಗೆ ಚೆಲ್ಲುತ್ತದೆ. ಅಂಥದ್ದು ತಗೊಂಡರೆ ಮಳೆಗಾಲಕ್ಕೆ ಮುಂಚೆ ಒಂದು ಬಾಟಲಿ ನೀರು ಹುಯ್ದು, ಗಾಡಿಯ ಅಡಿಯಲ್ಲಿ ಬೀಳುತ್ತದೆಯಾ ಅಂತ ನೋಡಿ.

ಇನ್ನೂ ಎರಡು ಸಂಗತಿ ನಿಮ್ಮ ಬೆಳಗಿನ ನೀರಿಗೆ ಕಾರಣ ಆಗಿರಬಹುದು. ಕವರ್ ತೆಗೆಯುವಾಗ ಅದರ ಮೇಲಿನ ನೀರು ಎಲ್ಲಿ ಹೋಯಿತು? ಮಡಚುವ ಕವರ್‌ನ ಹಿಂದಿನ ಹಲಗೆ ಎತ್ತಿದ ಕೂಡಲೇ ಮೇಲೆ ನಿಂತ ನೀರೆಲ್ಲ ಮುಂದಿನ ಮಡಿಕೆಗೆ ಜಾರಿ, ಪಕ್ಕದಿಂದ ಒಳಗೆ ಸುರಿಯುತ್ತದೆ. ರಾತ್ರಿಯಿಡೀ ಕಾಪಾಡಿದ ಕವರ್ ಮೇಲೆ ಬೆಳಿಗ್ಗೆ ಎರಡು ಸೆಕೆಂಡಿನಲ್ಲಿ ಅಪವಾದ ಬರುತ್ತದೆ. ತೆಗೆಯುವ ಮುಂಚೆ ರಬ್ಬರ್ ವೈಪರ್‌ನಿಂದ ನೀರನ್ನು ಹೊರಕ್ಕೆ ಎಳೆದುಬಿಡಿ.

ಇನ್ನೊಂದು, ಬೆವರು. ಒದ್ದೆ ಸಾಮಾನು, ಒದ್ದೆ ಮ್ಯಾಟು ಒಳಗಿದ್ದು ರಾತ್ರಿ ತಣ್ಣಗಾದರೆ ಅಲ್ಯೂಮಿನಿಯಂ ಹಲಗೆಯ ಅಡಿಭಾಗ ಬೆವರುತ್ತದೆ. ಬಿಸಿ ಪಾತ್ರೆಯ ಮುಚ್ಚಳದ ಒಳಗೆ ಹನಿ ಕಟ್ಟುವ ಹಾಗೆ. ಹನಿಗಳು ಹಲಗೆಯ ಉದ್ದಕ್ಕೂ ಸಮನಾಗಿ ಚಿಕ್ಕ ಚಿಕ್ಕದಾಗಿದ್ದರೆ ಅದು ಬೆವರು. ಒಂದೇ ಕಡೆ ಗೆರೆಯಾಗಿದ್ದರೆ ಸೋರಿಕೆ. ಬೆವರಿಗೆ ಸೀಲ್ ಮದ್ದಲ್ಲ, ಜಾಸ್ತಿ ಸೀಲ್ ಮಾಡಿದಷ್ಟೂ ಅದು ಜಾಸ್ತಿ ಆಗುತ್ತದೆ. ಬಿಸಿಲು ಬಂದ ದಿನ ಕವರ್ ತೆರೆದು ಒಳಗೆ ಗಾಳಿ ಆಡಲು ಬಿಡಿ.

ಸಾಮಾನಿನ ವಿಷಯಕ್ಕೆ ಬಂದರೆ, ನನ್ನ ಸ್ವಂತ ಗಾಡಿಯಲ್ಲಿ ಎಲ್ಲ ಸೀಲ್ ಹಾಕಿದ್ದೇನೆ, ಆದರೂ ರಟ್ಟಿನ ಪೆಟ್ಟಿಗೆಯನ್ನು ನೆಲದ ಮೇಲೆ ನೇರ ಇಡುವುದಿಲ್ಲ. ನಾಲ್ಕೈದು ಸೆಂ.ಮೀ. ದಪ್ಪದ ಎರಡು ಮರದ ಪಟ್ಟಿ ಅಡ್ಡ ಹಾಕಿ ಅದರ ಮೇಲೆ ಇಡುತ್ತೇನೆ. ನೆಲದ ನೀರು ಅಡಿಯಲ್ಲೇ ಹರಿದು ಹೋಗುತ್ತದೆ. ಕಾಗದ ಪತ್ರ, ಪುಸ್ತಕ, ವಿದ್ಯುತ್ ಉಪಕರಣ ಇದ್ದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ. ಅದಕ್ಕಿಂತ ಮುಖ್ಯವಾದದ್ದು ಕ್ಯಾಬಿನ್ ಒಳಗೆ. ಹಿಂದಿನ ಒಂದು ಮೊಳ ಜಾಗವನ್ನು ನೆಂದರೂ ಪರವಾಗಿಲ್ಲ ಅನ್ನುವ ಸಾಮಾನಿಗೆ ಬಿಡಿ.

ಹಾಗಾದರೆ ವಾಪಸ್ ಯಾವಾಗ ಕೊಡಬೇಕು? ಕರ್ಣ ಸರಿ ಇದೆ, ಕ್ಲ್ಯಾಂಪು ಬಿಗಿ ಇದೆ, ಮೂಲೆಯ ಫೋಮ್ ಇದೆ, ಆದರೂ ಹಲಗೆಗಳ ನಡುವಿನ ಮಡಿಕೆಯಿಂದ ನೇರ ನೀರು ಇಳಿಯುತ್ತಿದೆ ಅಂತ ನೀವು ಕಣ್ಣಾರೆ ನೋಡಿದರೆ, ಅಥವಾ ಹಲಗೆಯೇ ತಿರುಚಿಕೊಂಡು ರಬ್ಬರು ಒಂದು ಕಡೆ ಎದ್ದು ನಿಂತಿದ್ದರೆ, ಆಗ ಕೊಡಿ. ವಿಡಿಯೋ ಕೈಯಲ್ಲಿದ್ದರೆ ಮಾತು ಬೆಳೆಸಬೇಕಾಗುವುದಿಲ್ಲ. ಮೂಲೆಯ ಫೋಮ್ ಹಾಕಿಲ್ಲದಿದ್ದರೆ ಕೂರಿಸಿದವರನ್ನು ಕೇಳಿ ಹಾಕಿಸಿಕೊಳ್ಳಿ, ಅದು ಅವರ ಕೆಲಸ. ಟೇಲ್‌ಗೇಟಿನ ಸೀಲ್ ಮಾತ್ರ ನೀವೇ ತಂದು ಹಾಕಬೇಕು. ಮುಂದಿನ ಮಳೆ ಬಂದ ಬೆಳಿಗ್ಗೆ, ಮೊದಲು ಕವರ್‌ನ ಮೇಲಿನ ನೀರು ಎಳೆದು, ಆಮೇಲೆ ತೆಗೆದು, ಸುದ್ದಿಪತ್ರಿಕೆಯಲ್ಲಿ ಎಲ್ಲೆಲ್ಲಿ ಒದ್ದೆ ಇದೆ ಅಂತ ನೋಡಿ ನನಗೆ ಬರೆಯಿರಿ. ಜೊತೆಗೆ ಗಾಡಿಯ ಮೂತಿ ಇಳಿಜಾರಿನ ಕಡೆಗಿತ್ತೋ ಏರಿನ ಕಡೆಗಿತ್ತೋ ಅನ್ನುವುದನ್ನೂ ತಿಳಿಸಿ. ಮೂಲೆಯ ನೀರಿನ ವಿಷಯದಲ್ಲಿ ಅದು ಬಹಳ ಹೇಳುತ್ತದೆ.